ಕುಲುಮೆಗೆ ಹೋಗಿ ಬಂದ ಕಾರ್ಬನ್ ಬಣ್ಣ ಹಿಡಿಯುತ್ತಿಲ್ಲ, ಅಯೋಡಿನ್ ನಂಬರ್ ಮಾತ್ರ ಚೆನ್ನಾಗಿದೆ

ರಾತ್ರಿಪಾಳಿ:

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ತಲೆ ಕೆಡಿಸಿಕೊಂಡಿದ್ದೇನೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಬಟ್ಟೆಗೆ ಬಣ್ಣ ಹಾಕುವ ಘಟಕದ ಇಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ, ನಮ್ಮದು. ಸುಣ್ಣ ಹಾಕಿ ಗಸಿ ಕೂರಿಸಿ, ಬಯೋ ಟ್ಯಾಂಕ್ ದಾಟಿಸಿ, ಸ್ಯಾಂಡ್ ಫಿಲ್ಟರ್ ಆದ ಮೇಲೆ ನೀರು ಬಣ್ಣ ಹೀರುವ ಆಕ್ಟಿವೇಟೆಡ್ ಕಾರ್ಬನ್ ತುಂಬಿದ ಕಾಲಂಗೆ ಹೋಗುತ್ತದೆ. ಒಂದರ ಹಿಂದೆ ಒಂದು ಎರಡು ಕಾಲಂ. ಮೊದಲನೆಯದರಲ್ಲಿ ಬಣ್ಣ ದಾಟಿದರೆ ಅದರ ಕಾರ್ಬನ್ ಖಾಲಿ ಮಾಡಿ, ಕಾಯಿಸಿ ಮತ್ತೆ ಬಳಸಲು ಹೊರಗಿನ ಕುಲುಮೆಗೆ ಕಳಿಸುತ್ತೇವೆ, ಎರಡನೆಯದನ್ನು ಮುಂದಕ್ಕೆ ತರುತ್ತೇವೆ.

ಹೊಸದಾಗಿ ತುಂಬಿದ್ದು ಕಲ್ಲಿದ್ದಲಿನ ಕಾಳು ಕಾರ್ಬನ್, 8×30 ಮೆಶ್ (ಕಾಳಿನ ಗಾತ್ರ), ಅಯೋಡಿನ್ ನಂಬರ್ (ಹೀರುವ ಶಕ್ತಿಯ ಒಂದು ಅಳತೆ) 950. ಮೊದಲ ಸಲ 5 ತಿಂಗಳು ಬಂತು. ಒಂದು ಸಲ ಕುಲುಮೆಗೆ ಹೋಗಿ ಬಂದ ಮೇಲೆ ನಾಲ್ಕೂವರೆ ತಿಂಗಳು. ಎರಡನೇ ಸಲ ಹೋಗಿ ಬಂದಾಗ 4 ತಿಂಗಳು. ಇಲ್ಲಿಯ ತನಕ ಯಾರಿಗೂ ಬೇಸರ ಇರಲಿಲ್ಲ. ಮೂರನೇ ಸಲ ಬಂದ ಮಾಲು 7 ವಾರಕ್ಕೇ ಬಣ್ಣ ಬಿಟ್ಟಿತು. ಒಳಗೆ ಬರುವ ನೀರಿನ ಬಣ್ಣ, ಸಿಒಡಿ (ನೀರಿನ ಕೊಳೆಯ ಅಳತೆ) ಎರಡೂ ಮೊದಲಿನಷ್ಟೇ ಇವೆ, ದಿನಾ ನಾನೇ ಬರೆದಿಡುತ್ತೇನೆ. ಜೊತೆಗೆ ಬಂದ ವರದಿಯಲ್ಲಿ ಅಯೋಡಿನ್ ನಂಬರ್ 880 ಅಂತ ಇದೆ, ಅಂದರೆ ಹಿಂದಿನ ಸಲದ್ದಕ್ಕಿಂತ ಜಾಸ್ತಿ! ನಮ್ಮ ಮೇಲಿನವರು "ಕಾರ್ಬನ್ ಚೆನ್ನಾಗಿದೆ, ನಡೆಸುವವರ ತಪ್ಪು" ಅನ್ನುತ್ತಿದ್ದಾರೆ. ಎಲ್ಲಿಂದ ಹುಡುಕಲಿ?

ಮೂರನೇ ಕಾಲಂ:

ಕಾರ್ಬನ್ ಮೇಲೆ ಅನುಮಾನ ಪಡುವ ಮೊದಲು ಕಾಲಂ ನೋಡಿ. ನಾನು ನೋಡಿದ ಇಂಥ ದೂರುಗಳಲ್ಲಿ ಜಾಸ್ತಿ ಪಾಲು ಕಾಲಂನಲ್ಲೇ ಮುಗಿದಿವೆ. ಬೆಡ್, ಅಂದರೆ ಕಾಲಂ ಒಳಗಿನ ಕಾರ್ಬನ್ ರಾಶಿಯ ಎತ್ತರ ಅಳೆದಿರಾ? ಕುಲುಮೆಗೆ ಹೋದ ಕಾರ್ಬನ್ ಪೂರ್ತಿ ವಾಪಸ್ ಬರುವುದಿಲ್ಲ. ಸುಟ್ಟು ಹೋಗುವುದು, ಸಾಗಿಸುವಾಗ ಪುಡಿಯಾಗುವುದು ಎಲ್ಲ ಸೇರಿ ಪ್ರತಿ ಸುತ್ತಿಗೂ ಸಾಮಾನ್ಯವಾಗಿ 5ರಿಂದ 10 ಶೇಕಡಾ ಕಡಿಮೆಯಾಗುತ್ತದೆ. ಅಷ್ಟನ್ನು ಹೊಸ ಕಾರ್ಬನ್ ಹಾಕಿ ತುಂಬಬೇಕು. ತುಂಬದೇ ಇದ್ದರೆ ಬೆಡ್ ತಗ್ಗುತ್ತದೆ, ನೀರು ಕಾರ್ಬನ್ ಜೊತೆ ಇರುವ ಹೊತ್ತು ಕಡಿಮೆಯಾಗುತ್ತದೆ.

ಆಮೇಲೆ ಬ್ಯಾಕ್‌ವಾಶ್, ಅಂದರೆ ಕೆಳಗಿಂದ ಮೇಲಕ್ಕೆ ನೀರು ಬಿಟ್ಟು ಬೆಡ್ ತೊಳೆಯುವುದು. ವಾರಕ್ಕೆ ಎಷ್ಟು ಸಲ, ಬೆಡ್ ಎಷ್ಟು ಉಬ್ಬುತ್ತದೆ? 20ರಿಂದ 30 ಶೇಕಡಾ ಆದರೂ ಉಬ್ಬದಿದ್ದರೆ ಒಳಗಿನ ಲೋಳೆ, ಸಣ್ಣ ಪುಡಿ ಹೊರಗೆ ಬರುವುದಿಲ್ಲ. ನೀರು ತನಗೆ ಸುಲಭವಾದ ದಾರಿ ಮಾಡಿಕೊಂಡು ಓಡುತ್ತದೆ, ಅರ್ಧ ಬೆಡ್ ಸುಮ್ನೆ ಕೂತಿರುತ್ತದೆ. ಹೊಸ ಮಾಲು ತುಂಬಿದಾಗ ಒಂದು ದಿನ ನೀರಲ್ಲಿ ನೆನೆಯಲು ಬಿಟ್ಟಿರಾ? ಒಣ ಕಾರ್ಬನ್ ರಂಧ್ರಗಳಲ್ಲಿ ಗಾಳಿ ತುಂಬಿರುತ್ತದೆ, ಅದು ಹೊರಗೆ ಬರಲು ಹೊತ್ತು ಹಿಡಿಯುತ್ತದೆ.

ಇದೆಲ್ಲ ಸರಿ ಇದ್ದರೆ ಮಾತ್ರ ಮುಂದಿನ ಮಾತು. ಆಗ ನನಗೆ ಮೂರು ಅಂಕಿ ಬೇಕು: ಸಾಂದ್ರತೆ, ಬೂದಿ (ಕಾರ್ಬನ್ ಪೂರ್ತಿ ಸುಟ್ಟರೆ ಉಳಿಯುವ ಅಂಶ), ಮತ್ತು ಮೆಥಿಲೀನ್ ಬ್ಲೂ ಅನ್ನುವ ಬಣ್ಣವನ್ನು ಎಷ್ಟು ಹಿಡಿಯುತ್ತದೆ ಅನ್ನುವುದು.

ರಾತ್ರಿಪಾಳಿ:

ಬೆಡ್ ಎತ್ತರ ಅಷ್ಟೇ ಇದೆ ಸರ್, ನಾನೇ ಅಳೆದೆ. ನೀರಿನ ಹರಿವೂ ಅಷ್ಟೇ, ನೀರು ಬೆಡ್‌ನಲ್ಲಿ ಇರುವ ಹೊತ್ತು ಖಾಲಿ ಬೆಡ್ ಲೆಕ್ಕದಲ್ಲಿ 25 ನಿಮಿಷ ಬರುತ್ತದೆ. ಬ್ಯಾಕ್‌ವಾಶ್ ವಾರಕ್ಕೆ ಎರಡು ಸಲ, ಗಾಜಿನ ಕಿಂಡಿಯಲ್ಲಿ ಕಾಲು ಭಾಗ ಮೇಲೇಳುವುದು ಕಾಣುತ್ತದೆ. ನೆನೆಸಿದ್ದು ಒಂದು ರಾತ್ರಿ ಪೂರ್ತಿ. ಸ್ಯಾಂಡ್ ಫಿಲ್ಟರ್ ಒತ್ತಡವೂ ಏರಿಲ್ಲ. ಬೂದಿ, ಸಾಂದ್ರತೆ ನಮ್ಮ ಲ್ಯಾಬ್‌ನಲ್ಲಿ ಮಾಡಿಸಬಹುದು. ಮೆಥಿಲೀನ್ ಬ್ಲೂ ಯಾಕೆ, ಅಯೋಡಿನ್ ಸಾಲದಾ?

ಲ್ಯಾಬ್ ಬೆಂಚು:

ಇದಕ್ಕೆ ನಾನು ಉತ್ತರ ಕೊಡುತ್ತೇನೆ, ಯಾಕಂದರೆ ಅಯೋಡಿನ್ ನಂಬರ್ ಒಂದನ್ನೇ ನಂಬಿ ಜನ ಮೋಸ ಹೋಗುವುದನ್ನು ಹತ್ತು ವರ್ಷದಿಂದ ನೋಡುತ್ತಿದ್ದೇನೆ, ನನಗೆ ಇದು ನಿಜಕ್ಕೂ ಸಂಕಟದ ವಿಷಯ.

ಅಯೋಡಿನ್ ನಂಬರ್ ಅಂದರೆ ಒಂದು ಗ್ರಾಂ ಕಾರ್ಬನ್ ಎಷ್ಟು ಮಿಲಿಗ್ರಾಂ ಅಯೋಡಿನ್ ಹಿಡಿಯುತ್ತದೆ ಅನ್ನುವ ಲೆಕ್ಕ. ಅಯೋಡಿನ್ ಅಣು ಪುಟ್ಟದು. ಸಣ್ಣ ಸಣ್ಣ ರಂಧ್ರಕ್ಕೂ ನುಗ್ಗುತ್ತದೆ. ಹಾಗಾಗಿ ಆ ಅಂಕಿ ಹೇಳುವುದು ಸಣ್ಣ ರಂಧ್ರಗಳ ಕಥೆ. ಕಾರ್ಬನ್ ಒಳಗೆ ಮೂರು ಅಳತೆಯ ರಂಧ್ರ ಇರುತ್ತವೆ: 2 ನ್ಯಾನೋಮೀಟರಿಗಿಂತ ಸಣ್ಣವು, 2ರಿಂದ 50ರ ನಡುವಿನವು, 50ಕ್ಕಿಂತ ದೊಡ್ಡವು. ಊರಿಗೆ ಹೆದ್ದಾರಿ, ಬೀದಿ, ಓಣಿ ಇದ್ದ ಹಾಗೆ. ಅಯೋಡಿನ್ ಓಣಿಯ ಕೊನೆಯ ಮನೆಗೂ ನಡೆದುಕೊಂಡು ಹೋಗುತ್ತದೆ. ನಿಮ್ಮ ಬಟ್ಟೆ ಬಣ್ಣದ ಅಣು ಲಾರಿ ಇದ್ದ ಹಾಗೆ. ಬೀದಿ ಅಗಲ ಇಲ್ಲದಿದ್ದರೆ ಅದು ಬಾಗಿಲಲ್ಲೇ ನಿಲ್ಲುತ್ತದೆ, ಓಣಿ ಎಷ್ಟಿದ್ದರೇನು.

ಮೆಥಿಲೀನ್ ಬ್ಲೂ ಅಣು ಅಯೋಡಿನ್‌ಗಿಂತ ದೊಡ್ಡದು. ಕಾಕಂಬಿ ಪರೀಕ್ಷೆ ಅಂತ ಇನ್ನೊಂದಿದೆ, ಅದರ ಬಣ್ಣದ ಅಣುಗಳು ಇನ್ನೂ ದೊಡ್ಡವು, ಅಗಲ ರಂಧ್ರಗಳನ್ನು ಅದು ತೋರಿಸುತ್ತದೆ. ನಿಮ್ಮ ಕೆಲಸಕ್ಕೆ ಈ ಎರಡು ಅಂಕಿ ಅಯೋಡಿನ್‌ಗಿಂತ ಹತ್ತಿರ. ಎಲ್ಲಕ್ಕಿಂತ ಹತ್ತಿರದ್ದು ನಿಮ್ಮದೇ ನೀರಿನ ಪರೀಕ್ಷೆ. ಹಳೆಯ ಒಳ್ಳೆ ಕಾರ್ಬನ್ ಒಂದಿಷ್ಟು ಎತ್ತಿಟ್ಟಿದ್ದೀರಾ?

ರಾತ್ರಿಪಾಳಿ:

ಇದೆ ಮೇಡಂ. ಮೊದಲ ಸಲ ತುಂಬಿದಾಗ ಮಿಕ್ಕ ಅರ್ಧ ಚೀಲ ಸ್ಟೋರ್‌ನಲ್ಲಿದೆ.

ಲ್ಯಾಬ್ ಬೆಂಚು:

ಬಹಳ ಒಳ್ಳೆಯದು, ಅದನ್ನು ಯಾರಿಗೂ ಕೊಡಬೇಡಿ. ಎರಡೂ ಕಾರ್ಬನ್ ಒಣಗಿಸಿ ನುಣ್ಣಗೆ ಅರೆಯಿರಿ, ಕಾಳಾಗಿಯೇ ಇಟ್ಟರೆ ಸಮತೋಲಕ್ಕೆ ಬರಲು ದಿನಗಟ್ಟಲೆ ಬೇಕು. ಸ್ಯಾಂಡ್ ಫಿಲ್ಟರ್ ದಾಟಿದ ನೀರನ್ನು ಐದಾರು ಬೀಕರ್‌ಗೆ ಸಮ ಸಮ ಹಾಕಿ. ಒಂದಕ್ಕೆ ಏನೂ ಹಾಕಬೇಡಿ. ಉಳಿದವಕ್ಕೆ ಕಾರ್ಬನ್ ಪುಡಿಯನ್ನು ಏರಿಸುತ್ತಾ ತೂಕ ಮಾಡಿ ಹಾಕಿ. ಎರಡು ಮೂರು ಗಂಟೆ ಕಲಕಿ, ಸೋಸಿ, ಬಣ್ಣ ಅಳೆಯಿರಿ. ಹೊಸ ಕಾರ್ಬನ್‌ಗೆ ಒಂದು ಸಾಲು, ವಾಪಸ್ ಬಂದದ್ದಕ್ಕೆ ಒಂದು ಸಾಲು. ಕಾಲಂಗೆ ತುಂಬುವ ಮೊದಲು ತೆಗೆದಿಟ್ಟ ಮಾದರಿ ಇದ್ದರೆ ಅದನ್ನೇ ಬಳಸಿ, ಬಣ್ಣ ಹೀರಿದ್ದನ್ನು ಬಳಸಿದರೆ ಹೋಲಿಕೆಗೆ ಅರ್ಥ ಇರುವುದಿಲ್ಲ.

ಕುಲುಮೆ ಹತ್ತಿರದವನು:

ನಾನು ಕಾರ್ಬನ್ ಮತ್ತೆ ಕಾಯಿಸುವ ಕುಲುಮೆಯಲ್ಲಿ ಹದಿನಾಲ್ಕು ವರ್ಷ ಇದ್ದವನು. ಒಳಗೆ ಏನಾಗುತ್ತದೆ ಅಂತ ಹೇಳುತ್ತೇನೆ, ಆಮೇಲೆ ನಿಮ್ಮ ಲೆಕ್ಕ ನೋಡೋಣ.

ನೀವು ಕಳಿಸುವ ಕಾರ್ಬನ್ ನೀರು ಬಸಿದರೂ ಹೆಚ್ಚುಕಮ್ಮಿ ಅರ್ಧ ತೂಕ ನೀರೇ. ಅದನ್ನು ಒಣಗಿಸುವುದಕ್ಕೇ ತುಂಬಾ ಉರುವಲು ಹೋಗುತ್ತದೆ. ನೀರು ಹೋದ ಮೇಲೆ ಶಾಖ ಏರುತ್ತಾ ಹಗುರವಾದ ವಸ್ತುಗಳು ಆವಿಯಾಗುತ್ತವೆ. ಇನ್ನೂ ಏರಿದರೆ, 200ರಿಂದ 700 ಡಿಗ್ರಿ ಸೆಲ್ಸಿಯಸ್ ನಡುವೆ, ಭಾರದ ವಸ್ತುಗಳು ಒಡೆದು ಒಂದಿಷ್ಟು ಅನಿಲವಾಗಿ ಹೋಗುತ್ತವೆ, ಒಂದಿಷ್ಟು ರಂಧ್ರದ ಗೋಡೆಗೇ ಮಸಿಯಾಗಿ ಅಂಟಿಕೊಳ್ಳುತ್ತವೆ. ಬಣ್ಣ, ಫೀನಾಲ್ ತರದವು ಈ ಮಸಿ ಜಾಸ್ತಿ ಬಿಡುತ್ತವೆ. ಇಲ್ಲಿಗೆ ನಿಲ್ಲಿಸಿದರೆ ರಂಧ್ರದ ಬಾಯಿ ಕಟ್ಟಿದ ಕಾರ್ಬನ್ ಸಿಗುತ್ತದೆ, ಅಷ್ಟೆ.

ಅಸಲು ಕೆಲಸ ಕೊನೆಯ ಹಂತದ್ದು. 850ರಿಂದ 950 ಡಿಗ್ರಿಯಲ್ಲಿ ಹಬೆ ಬಿಡುತ್ತಾರೆ. ಆಮ್ಲಜನಕ ಆದಷ್ಟು ಕಡಿಮೆ ಇರಬೇಕು, ಇಲ್ಲದಿದ್ದರೆ ಕಾರ್ಬನ್ನೇ ಉರಿದು ಹೋಗುತ್ತದೆ. ಹಬೆ ಇಂಗಾಲದ ಜೊತೆ ಸೇರಿ ಕಾರ್ಬನ್ ಮಾನಾಕ್ಸೈಡ್ ಮತ್ತು ಜಲಜನಕ ಆಗುತ್ತದೆ. ಮಸಿಯೂ ಇಂಗಾಲ, ರಂಧ್ರದ ಗೋಡೆಯೂ ಇಂಗಾಲ. ಮಸಿ ಸ್ವಲ್ಪ ಬೇಗ ಕರಗುತ್ತದೆ ಅನ್ನುವುದೇ ನಮಗಿರುವ ಅನುಕೂಲ. ಮಸಿ ಹೋಗಬೇಕು, ಗೋಡೆ ಉಳಿಯಬೇಕು. ಈ ಅಂತರ ಚಿಕ್ಕದು. ಕೈ ಜಾಸ್ತಿ ಆದರೆ ಗೋಡೆ ಕುಸಿದು ಎರಡು ಸಣ್ಣ ರಂಧ್ರ ಸೇರಿ ಒಂದು ದೊಡ್ಡದಾಗುತ್ತದೆ. ಕಡಿಮೆ ಆದರೆ ಮಸಿ ಉಳಿಯುತ್ತದೆ.

ನಾವು ಇದನ್ನು ಹಿಡಿಯುತ್ತಿದ್ದದ್ದು ತೂಕದಿಂದ. ಗಂಟೆಗೊಮ್ಮೆ ಮಾದರಿ ತಣಿಸಿ, ಒಣಗಿಸಿ, ಸಿಲಿಂಡರ್‌ಗೆ ತುಂಬಿ ತೂಗುತ್ತಿದ್ದೆವು. ಹೊಸದಾಗಿದ್ದಾಗಿನ ಸಾಂದ್ರತೆಗಿಂತ ಭಾರ ಇದ್ದರೆ ಇನ್ನೂ ಬೆಂದಿಲ್ಲ. ಹಗುರ ಇದ್ದರೆ ಅತಿಯಾಗಿದೆ, ಹಬೆ ಇಳಿಸು ಅಥವಾ ಬೇಗ ಹೊರಗೆ ತಳ್ಳು. ಬಹುಮಹಡಿ ಕುಲುಮೆಯಲ್ಲಿ ಒಂದರ ಕೆಳಗೊಂದು ತಟ್ಟೆ ಇರುತ್ತವೆ, ನಡುವಿನ ಕಂಬದಿಂದ ಹೊರಟ ಕೈಗಳು ಕಾರ್ಬನ್ ಎಳೆದು ಕೆಳಗಿನ ತಟ್ಟೆಗೆ ಬೀಳಿಸುತ್ತವೆ. ಮೇಲೆ ಒಣಗುತ್ತದೆ, ನಡುವೆ ಬೇಯುತ್ತದೆ, ಕೆಳಗೆ ಹಬೆ. ಉರುಳುವ ಉದ್ದ ಕಿಲ್ನ್ ಇರುವ ಕಡೆ ಇದೇ ಹಂತಗಳು ಉದ್ದಕ್ಕೆ ಸಾಗುತ್ತವೆ. ಹೊರಗೆ ಬರುವ ಹೊಗೆಯನ್ನು ಇನ್ನೊಂದು ಕೋಣೆಯಲ್ಲಿ ಪೂರ್ತಿ ಸುಟ್ಟು, ತೊಳೆದು ಬಿಡಬೇಕು. ಕ್ಲೋರಿನ್ ಇರುವ ವಸ್ತು ಹೀರಿದ ಕಾರ್ಬನ್ ಆದರೆ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತದೆ, ಕ್ಷಾರದ ನೀರಿಂದ ತೊಳೆಯದೆ ಬಿಡುವ ಹಾಗಿಲ್ಲ.

ಈಗ ನಿಮ್ಮನ್ನು ಒಂದೇ ಪ್ರಶ್ನೆ ಕೇಳುತ್ತೇನೆ. ಕಳಿಸುವಾಗ ಬೂದಿ ಎಷ್ಟಿತ್ತು, ಬಂದಾಗ ಎಷ್ಟಿದೆ?

ಓದುತ್ತಿರುವವಳು:

ನಡುವೆ ಬರುತ್ತಿರುವುದಕ್ಕೆ ಕ್ಷಮಿಸಿ, ನಾನು ಎನ್ವಿರಾನ್‌ಮೆಂಟಲ್ ಓದುತ್ತಿದ್ದೇನೆ. 900 ಡಿಗ್ರಿ ಯಾಕೆ ಬೇಕು? ಕಾಲಂ ಒಳಗೇ ಕಾಸ್ಟಿಕ್ (ಕಟು ಕ್ಷಾರ) ಬಿಟ್ಟು ತೊಳೆಯಬಹುದು, ಹಬೆ ಬಿಡಬಹುದು, ಫೆಂಟನ್ (ಕಬ್ಬಿಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಕೊಳೆ ಒಡೆಯುವ ವಿಧಾನ), ಮೈಕ್ರೋವೇವ್ ಅಂತೆಲ್ಲ ಓದಿದ್ದೇನೆ. ಇವು ಯಾಕೆ ಜಾಸ್ತಿ ಬಳಕೆಯಲ್ಲಿಲ್ಲ?

ಮೂರನೇ ಕಾಲಂ:

ಬಳಕೆಯಲ್ಲಿವೆ, ಆದರೆ ಯಾವುದಕ್ಕೆ ಅನ್ನುವುದು ಮುಖ್ಯ. ಬೇಗ ಆವಿಯಾಗುವ ಸಾಲ್ವೆಂಟ್ ಹಿಡಿದ ಕಾರ್ಬನ್‌ಗೆ 100 ಡಿಗ್ರಿಗಿಂತ ಸ್ವಲ್ಪ ಮೇಲಿನ ಹಬೆ ಸಾಕು, ಸಾಲ್ವೆಂಟ್ ಕೂಡ ಮರಳಿ ಸಿಗುತ್ತದೆ. ಫೀನಾಲ್ ಒಂದೇ ಇರುವ ನೀರಾದರೆ ಕಾಸ್ಟಿಕ್ ಕೆಲಸ ಮಾಡುತ್ತದೆ, ಯಾಕಂದರೆ ಪಿಎಚ್ 10 ದಾಟಿದರೆ ಫೀನಾಲ್ ಬಹುಪಾಲು ಅಯಾನ್ ಆಗಿ ನೀರಿಗೆ ಇಳಿಯುತ್ತದೆ. ಅದೂ ಪೂರ್ತಿ ಅಲ್ಲ. ನೀರಲ್ಲಿ ಆಮ್ಲಜನಕ ಇದ್ದರೆ ಫೀನಾಲ್ ಕಾರ್ಬನ್ ಮೇಲೆಯೇ ಒಂದಕ್ಕೊಂದು ಹೆಣೆದುಕೊಂಡು ದೊಡ್ಡ ಅಣುವಾಗಿ ಬಿಡುತ್ತದೆ, ಅದು ಯಾವ ಕಾಸ್ಟಿಕ್‌ಗೂ ಜಗ್ಗುವುದಿಲ್ಲ. ಮತ್ತೆ ತೊಳೆದ ಕಾಸ್ಟಿಕ್ ನೀರನ್ನು ಎಲ್ಲಿಗೆ ಬಿಡುತ್ತೀರಿ? ಕಾರ್ಬನ್ ಮೇಲಿದ್ದ ಕೊಳೆ ಈಗ ಡ್ರಮ್‌ನಲ್ಲಿದೆ, ಅಷ್ಟೇ ವ್ಯತ್ಯಾಸ.

ಫೆಂಟನ್, ವಿದ್ಯುತ್, ಮೈಕ್ರೋವೇವ್ ಎಲ್ಲ ಬೀಕರ್‌ನಲ್ಲಿ ಚೆನ್ನಾಗಿ ಕಾಣುತ್ತವೆ. ಆದರೆ ಹತ್ತು ಬಗೆಯ ಕೊಳೆ ಬೆರೆತ ಟನ್‌ಗಟ್ಟಲೆ ಮಾಲು ಬಂದಾಗ, ಏನೇ ಹಿಡಿದಿರಲಿ ಹೆಚ್ಚಿನದನ್ನು ಬಿಡಿಸುವ ದಾರಿ ಅಂದರೆ ಶಾಖ ಮತ್ತು ಹಬೆ. ಬ್ಯಾಕ್ಟೀರಿಯಾ ಬಿಡಿಸುತ್ತವೆ ಅಂತಲೂ ಓದಿರುತ್ತೀರಿ. ಒಂದು ಬ್ಯಾಕ್ಟೀರಿಯಾ ಹೆಚ್ಚುಕಮ್ಮಿ ಒಂದು ಮೈಕ್ರಾನ್, ಅಂದರೆ 1000 ನ್ಯಾನೋಮೀಟರ್. 2 ನ್ಯಾನೋಮೀಟರ್ ಓಣಿಗೆ ಅದು ಕಾಲಿಡಲಾರದು. ಹೊರಗೆ ತಾನಾಗಿ ಬಂದದ್ದನ್ನು ಮಾತ್ರ ತಿನ್ನುತ್ತದೆ. ಅದರಿಂದ ಬೆಡ್ ಆಯಸ್ಸು ಉದ್ದವಾಗುತ್ತದೆ, ಕುಲುಮೆ ತಪ್ಪುವುದಿಲ್ಲ.

ಪುಡಿ ಕಾರ್ಬನ್ ವಿಷಯ ಬೇರೆ, ಅದು ಸ್ಲಡ್ಜ್ ಜೊತೆ ಬೆರೆತು ಹೋಗುವುದರಿಂದ ಬಿಡಿಸಿ ಕಾಯಿಸುವುದು ಅಪರೂಪ.

ಕುಲುಮೆ ಹತ್ತಿರದವನು:

ಒಂದು ಮಾತು ಸೇರಿಸುತ್ತೇನೆ. ಇದು ಹೊಸ ವಿದ್ಯೆ ಅಲ್ಲ. ಸಕ್ಕರೆ ಕಾರ್ಖಾನೆಗಳಲ್ಲಿ ಮೂಳೆ ಇದ್ದಿಲಿನಿಂದ ಬಣ್ಣ ತೆಗೆದು, ಆ ಇದ್ದಿಲನ್ನೇ ಮತ್ತೆ ಮತ್ತೆ ಕಾಯಿಸಿ ಬಳಸುವುದು 19ನೇ ಶತಮಾನದಲ್ಲೇ ನಡೆಯುತ್ತಿತ್ತು. ಕೊಳಚೆ ನೀರಿಗೆ ಕಾಳು ಕಾರ್ಬನ್ ಹಾಕಿ, ಅದನ್ನು ಅಲ್ಲೇ ಬಹುಮಹಡಿ ಕುಲುಮೆಯಲ್ಲಿ ಕಾಯಿಸುವುದನ್ನು ಅಮೆರಿಕದ ಸೌತ್ ಲೇಕ್ ಟಾಹೋದಲ್ಲಿ 1960ರ ದಶಕದಲ್ಲೇ ಮಾಡಿ ತೋರಿಸಿದ್ದರು. ಇಷ್ಟು ವರ್ಷ ಉಳಿದು ಬಂದಿದೆ ಅಂದರೆ ಅದಕ್ಕೆ ಕಾರಣ ಇದೆ.

ರಾತ್ರಿಪಾಳಿ:

ಬೂದಿ ಅಂಕಿ ಸಿಕ್ಕಿತು. ಒಣ ತೂಕದ ಲೆಕ್ಕದಲ್ಲಿ, ಕಳಿಸಿದ ಮಾಲಿನದ್ದು 12 ಶೇಕಡಾ. ವಾಪಸ್ ಬಂದದ್ದು 7 ಶೇಕಡಾ. ಸಾಂದ್ರತೆ 0.49, ಹೊಸದು 0.48 ಇತ್ತು. ಬೂದಿ ಕಡಿಮೆ ಆಗಿದೆ ಅಂದರೆ ಒಳ್ಳೆಯದೇ ಅಲ್ವಾ?

ಕುಲುಮೆ ಹತ್ತಿರದವನು:

ಒಳ್ಳೆಯದಲ್ಲ. ಅದು ಆಗುವ ಮಾತೇ ಅಲ್ಲ. ನಿಧಾನವಾಗಿ ಓದಿ.

ಕುಲುಮೆ ಬೂದಿಯನ್ನು ತೆಗೆಯುವುದಿಲ್ಲ. ಸುಡುವುದು ಇಂಗಾಲ, ಹೋಗುವುದು ಕೊಳೆ. ಸುಣ್ಣ, ಕಬ್ಬಿಣ, ಮರಳಿನಂಥ ಅಂಶ ಎಲ್ಲಿದ್ದವೋ ಅಲ್ಲೇ ಇರುತ್ತವೆ. ನಿಮ್ಮದು 100 ಕಿಲೋ ಒಣ ಮಾಲು ಅಂತ ಇಟ್ಟುಕೊಳ್ಳಿ. ಅದರಲ್ಲಿ ಬೂದಿ 12 ಕಿಲೋ. ಹೀರಿದ ಕೊಳೆ 15 ಕಿಲೋ ಹೋಯಿತು, ಕಾರ್ಬನ್ 5 ಕಿಲೋ ಸುಟ್ಟಿತು ಅನ್ನಿ. ಉಳಿದದ್ದು 80 ಕಿಲೋ, ಬೂದಿ ಅದೇ 12 ಕಿಲೋ. ಅಂದರೆ 15 ಶೇಕಡಾ ಆಗಬೇಕು. ಬೂದಿ ಏರಬೇಕಾದ ಕಡೆ ಇಳಿದಿದೆ ಅಂದರೆ ಎರಡೇ ದಾರಿ. ಒಂದು, ಯಾರೋ ಆಸಿಡ್‌ನಿಂದ ತೊಳೆದಿದ್ದಾರೆ. ಇಲ್ಲವೇ ಬಂದಿರುವುದು ಪೂರ್ತಿ ನಿಮ್ಮ ಕಾರ್ಬನ್ ಅಲ್ಲ.

ಸುಣ್ಣದ ಕೆಸರು:

ನನಗೆ ಹಾಗನ್ನಿಸುತ್ತಿಲ್ಲ. ಅವರು ಮುಂಚೆ ಸುಣ್ಣ ಹಾಕುತ್ತಾರೆ ಅಂದರಲ್ಲ, ಕ್ಯಾಲ್ಸಿಯಂ ಕಾರ್ಬನ್ ಮೇಲೆ ಕೂತಿರುತ್ತದೆ. ಕುಲುಮೆಯಲ್ಲಿ ಕ್ಯಾಲ್ಸಿಯಂ ಹಬೆಯ ಕೆಲಸವನ್ನು ಜೋರು ಮಾಡುತ್ತದೆ, ತಾನು ಕೂತ ಜಾಗದ ಸುತ್ತ ಇಂಗಾಲವನ್ನು ತಿಂದು ಹಾಕುತ್ತದೆ. ನಮ್ಮಲ್ಲಿ ಇದೇ ಆಗಿ ಕಾರ್ಬನ್ ಹಾಳಾಯಿತು. ಅವರದ್ದೂ ಇದೇ ಇರಬೇಕು.

ಕುಲುಮೆ ಹತ್ತಿರದವನು:

ನೀವು ಹೇಳಿದ್ದು ಪೂರ್ತಿ ನಿಜ, ಸುಣ್ಣ ಬಳಸುವ ಎಲ್ಲರೂ ಅದನ್ನು ನೆನಪಿಟ್ಟುಕೊಳ್ಳಬೇಕು. ಆದರೆ ಕ್ಯಾಲ್ಸಿಯಂ ತಿಂದ ಕಾರ್ಬನ್‌ನ ಗುರುತು ಬೇರೆ. ಸಣ್ಣ ರಂಧ್ರ ಅಗಲವಾಗುತ್ತದೆ, ಅಯೋಡಿನ್ ನಂಬರ್ ಬೀಳುತ್ತದೆ, ಕಾಳು ಮೆತ್ತಗಾಗುತ್ತದೆ, ಸಾಂದ್ರತೆ ಇಳಿಯುತ್ತದೆ. ಅಗಲ ರಂಧ್ರ ಜಾಸ್ತಿ ಆಗುವುದರಿಂದ ದೊಡ್ಡ ಬಣ್ಣದ ಅಣುವನ್ನು ಅದು ಒಂದೊಂದು ಸಲ ಮೊದಲಿಗಿಂತ ಚೆನ್ನಾಗಿಯೇ ಹಿಡಿಯುತ್ತದೆ. ಇವರದ್ದು ತಿರುಗಾಮುರುಗಾ ಇದೆ: ಅಯೋಡಿನ್ ಚೆನ್ನಾಗಿದೆ, ಸಾಂದ್ರತೆ ಚೆನ್ನಾಗಿದೆ, ಬಣ್ಣ ಮಾತ್ರ ಹಿಡಿಯುತ್ತಿಲ್ಲ.

ನನ್ನ ಅನುಮಾನ ತೆಂಗಿನ ಕರಟದ ಕಾರ್ಬನ್ ಮೇಲೆ. ಅದು ಗಟ್ಟಿ, ಬೂದಿ ಕಡಿಮೆ, ಬಹುಪಾಲು ಸಣ್ಣ ರಂಧ್ರ. ಅಯೋಡಿನ್ ನಂಬರ್ ಸೊಗಸಾಗಿ ತೋರಿಸುತ್ತದೆ. ಸಣ್ಣ ಸಾಲ್ವೆಂಟ್ ಅಣುಗಳಿಗೆ ಅದರಷ್ಟು ಒಳ್ಳೆಯದು ಇಲ್ಲ. ಬಟ್ಟೆ ಬಣ್ಣಕ್ಕೆ ಸರಿಹೋಗುವುದಿಲ್ಲ. ಹಲವು ಕಡೆಯಿಂದ ಬಂದ ಮಾಲನ್ನು ಒಟ್ಟಿಗೆ ಕಾಯಿಸಿ ಹಂಚುವ ಪದ್ಧತಿ ಈ ವ್ಯವಹಾರದಲ್ಲಿ ಇದೆ. ಮುಚ್ಚಿಟ್ಟರೆ ಮಾತ್ರ ಅದು ಮೋಸ.

ಪರೀಕ್ಷೆ ಸುಲಭ. ಒಂದು ಚಮಚ ಕಾರ್ಬನ್ ಭಟ್ಟಿ ಇಳಿಸಿದ ನೀರಲ್ಲಿ ಕುದಿಸಿ, ತಣಿಸಿ ಪಿಎಚ್ ನೋಡಿ. ಆಸಿಡ್‌ನಿಂದ ತೊಳೆದದ್ದಾದರೆ ಏಳರ ಹತ್ತಿರ ಇರುತ್ತದೆ. ತೊಳೆಯದೆ ಕುಲುಮೆಯಿಂದ ನೇರ ಬಂದದ್ದಾದರೆ ಬೂದಿಯ ಕ್ಷಾರದಿಂದ ಒಂಬತ್ತು ಹತ್ತಕ್ಕೆ ಹೋಗುತ್ತದೆ. ಆಮೇಲೆ ಭೂತಗನ್ನಡಿ ಹಿಡಿದು ಕಾಳು ನೋಡಿ. ಕರಟದ ಚೂರಿಗೆ ಸಾಮಾನ್ಯವಾಗಿ ಚಪ್ಪಟೆ, ಸ್ವಲ್ಪ ಬಾಗಿದ ಆಕಾರ ಇರುತ್ತದೆ. ಕಲ್ಲಿದ್ದಲಿನದ್ದು ಮೂಲೆ ಮೂಲೆಯಾದ ಮಂಕು ಕಾಳು.

ರಾತ್ರಿಪಾಳಿ:

ನಾಳೆಯೇ ಮಾಡುತ್ತೇನೆ. ತುಂಬುವ ಮೊದಲು ತೆಗೆದಿಟ್ಟ ಮಾದರಿ ಒಂದು ಡಬ್ಬಿ ಇದೆ. ಬೆಡ್‌ನ ಮೇಲಿಂದ, ನಡುವಿನಿಂದ ಕೂಡ ಸ್ವಲ್ಪ ತೆಗೆಯಬೇಕು ಅಂತಿದ್ದೇನೆ. ಕಾಲಂ ನೀರು ಬಸಿದು ಮೇಲಿನ ಮುಚ್ಚಳ ತೆಗೆದು ಇಳಿದರೆ ಹತ್ತು ನಿಮಿಷದ ಕೆಲಸ.

ಹಗ್ಗ ಮತ್ತು ಮೀಟರ್:

ದಯವಿಟ್ಟು ಇಳಿಯಬೇಡಿ. ಇದನ್ನು ಓದಿದ ಕೂಡಲೇ ಉತ್ತರಿಸುತ್ತಿದ್ದೇನೆ.

ಒದ್ದೆ ಆಕ್ಟಿವೇಟೆಡ್ ಕಾರ್ಬನ್ ಗಾಳಿಯಲ್ಲಿರುವ ಆಮ್ಲಜನಕವನ್ನೇ ಹೀರುತ್ತದೆ. ಮುಚ್ಚಿದ ಕಾಲಂ ಒಳಗೆ ನೀರು ಬಸಿದ ಬೆಡ್ ಮೇಲೆ ಉಸಿರಾಡಲು ಬೇಕಾದಷ್ಟು ಆಮ್ಲಜನಕ ಇಲ್ಲದೇ ಇರಬಹುದು. ವಾಸನೆ ಇಲ್ಲ, ಉಸಿರು ಕಟ್ಟಿದ ಹಾಗೂ ಆಗುವುದಿಲ್ಲ, ಮಂಡಿ ಕುಸಿಯುತ್ತದೆ, ಅಷ್ಟೆ. ಕೊಳಚೆ ನೀರಿನ ಬೆಡ್ ಆದರೆ ಕೊಳೆತು ಹೈಡ್ರೋಜನ್ ಸಲ್ಫೈಡ್ ಕೂಡ ಇರಬಹುದು. ಹಿಂದೆ ನಾನಿದ್ದ ಒಂದು ಕಡೆ ಹೆಲ್ಪರ್ ಹುಡುಗ ಹೀಗೇ ಮಾದರಿ ತರಲು ಇಳಿದು ಬಿದ್ದುಬಿಟ್ಟ. ಸೊಂಟಕ್ಕೆ ಹಗ್ಗ ಇದ್ದದ್ದಕ್ಕೆ ಎಳೆದು ತೆಗೆದೆವು, ಬದುಕಿದ. ಹಗ್ಗ ಕಟ್ಟಿಸಿದ್ದು ಒಬ್ಬ ಹಳೆಯ ಫೋರ್‌ಮನ್ ಹಟ ಹಿಡಿದದ್ದರಿಂದ. ನನಗೆ ಇವತ್ತಿಗೂ ಆ ಮಧ್ಯಾಹ್ನ ನೆನಪಾಗುತ್ತದೆ.

ಉದ್ದ ಪೈಪಿನ ಮಾದರಿ ಕೊಳವೆ ಹೊರಗಿಂದಲೇ ಚುಚ್ಚಿ ತೆಗೆಯಿರಿ. ಇಳಿಯಲೇಬೇಕಾದರೆ ಗಾಳಿ ಊದಿಸಿ, ಮೀಟರ್ ಇಳಿಸಿ ಆಮ್ಲಜನಕ ನೋಡಿ, 19.5 ಶೇಕಡಾಕ್ಕಿಂತ ಕಡಿಮೆ ಇದ್ದರೆ ಯಾರೂ ಒಳಗೆ ಹೋಗುವ ಹಾಗಿಲ್ಲ. ಪರವಾನಗಿ, ಹಗ್ಗ, ಹೊರಗೆ ಕಾಯುವ ಒಬ್ಬ ವ್ಯಕ್ತಿ, ಇಷ್ಟೂ ಇರಬೇಕು. ಬಿದ್ದವರನ್ನು ಎತ್ತಲು ಹಾಗೇ ಇಳಿದವರೂ ಸಾಯುತ್ತಾರೆ.

ರಾತ್ರಿಪಾಳಿ:

ತುಂಬಾ ಧನ್ಯವಾದ. ನಮ್ಮಲ್ಲಿ ಹಿಂದೆ ಎರಡು ಸಲ ಹಾಗೆ ಇಳಿದಿದ್ದಾರೆ. ಮುಚ್ಚಳದ ಮೇಲೆ ಇವತ್ತೇ ಬೋರ್ಡ್ ಹಾಕಿಸುತ್ತೇನೆ. ಮಾದರಿ ಹೊರಗಿಂದಲೇ.

ರಾತ್ರಿಪಾಳಿ:

ಮೂರು ದಿನದ ನಂತರ ಬರೆಯುತ್ತಿದ್ದೇನೆ. ಪಿಎಚ್ 9.8. ಅಂದರೆ ಆಸಿಡ್ ತೊಳೆದದ್ದಲ್ಲ.

ಭೂತಗನ್ನಡಿಯಲ್ಲಿ ಎರಡು ಬಗೆಯ ಕಾಳು ಸ್ಪಷ್ಟವಾಗಿ ಕಾಣುತ್ತವೆ. ನಮ್ಮ ಹಳೆಯ ಅರ್ಧ ಚೀಲದಲ್ಲಿ ಒಂದೇ ಬಗೆ. ವಾಪಸ್ ಬಂದದ್ದರಲ್ಲಿ ಚಪ್ಪಟೆ ಬಾಗಿದ ಚೂರುಗಳೇ ಜಾಸ್ತಿ. ಚಿಮಟದಿಂದ ಆರಿಸಿ ಬೇರೆ ಬೇರೆ ಮಾಡಿ ಎರಡಕ್ಕೂ ಬೂದಿ ಮಾಡಿಸಿದೆವು. ಚಪ್ಪಟೆಯದು 3 ಶೇಕಡಾ, ಇನ್ನೊಂದು 15. ನೀವು ಹೇಳಿದ 15 ಹಾಗೇ ಬಂದಾಗ ಲ್ಯಾಬ್‌ನಲ್ಲಿ ಎಲ್ಲರೂ ಸುಮ್ಮನಾಗಿಬಿಟ್ಟರು.

ಬೀಕರ್ ಪರೀಕ್ಷೆಯೂ ಆಯಿತು ಮೇಡಂ. ಹೊಸ ಕಾರ್ಬನ್ ಒಂದು ಅಳತೆಯಲ್ಲಿ ತೆಗೆದ ಬಣ್ಣವನ್ನು ತೆಗೆಯಲು ಇದು ಎರಡೂವರೆ ಪಟ್ಟು ಬೇಕಾಯಿತು. ಎಲ್ಲ ಒಂದೇ ಸಲ ತಿಳಿಯಿತು.

ಲ್ಯಾಬ್ ಬೆಂಚು:

ಚಿಮಟದಿಂದ ಆರಿಸಿದ್ದು ಬಹಳ ಒಳ್ಳೆಯ ಕೆಲಸ. ಮೂರು ಮತ್ತು ಹದಿನೈದು ಸೇರಿ ಏಳು ಆಗಬೇಕಾದರೆ ಲೆಕ್ಕ ಹೀಗೆ: ನಿಮ್ಮ ಕಾಳು ಮೂರರಲ್ಲಿ ಒಂದು ಪಾಲು, ಕರಟದ್ದು ಎರಡು ಪಾಲು. 15ರ ಒಂದು, 3ರ ಎರಡು, ಒಟ್ಟು 21, ಮೂರರಿಂದ ಭಾಗಿಸಿದರೆ 7. ನಿಮ್ಮ ಕಣ್ಣಿಗೆ ಚಪ್ಪಟೆಯದೇ ಜಾಸ್ತಿ ಕಂಡದ್ದಕ್ಕೆ ಇದು ಹೊಂದುತ್ತದೆ. ಈ ಹಾಳೆಯನ್ನು ಹಾಗೇ ಮೇಲಿನವರ ಮುಂದಿಡಿ. ತಪ್ಪು ನಿಮ್ಮದಲ್ಲ.

ಮೂರನೇ ಕಾಲಂ:

ಕರಾರು ಪತ್ರದಲ್ಲಿ ಏನಿದೆ ನೋಡಿದಿರಾ? "ನಮ್ಮ ಮಾಲೇ ನಮಗೆ" ಅಂತ ಬರೆದಿದೆಯೇ?

ರಾತ್ರಿಪಾಳಿ:

ಇಲ್ಲ. "ಅಯೋಡಿನ್ ನಂಬರ್ 850ಕ್ಕೆ ಕಡಿಮೆ ಇಲ್ಲದ ಮರುಕಾಯಿಸಿದ ಕಾರ್ಬನ್" ಅಂತ ಮಾತ್ರ ಇದೆ. ಅವರು ಕೊಟ್ಟದ್ದು ಆ ಮಾತಿಗೆ ಸರಿಯಾಗಿದೆ. ಮೊದಲ ಎರಡು ಸಲ ನಮ್ಮದೇ ಬಂದಿತ್ತು ಅನ್ನಿಸುತ್ತದೆ, ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ. ಫೋನ್ ಮಾಡಿ ಕೇಳಿದಾಗ ಈ ಸಲ ಬೇರೆ ಕಡೆಯ ಮಾಲಿನ ಜೊತೆ ಸೇರಿಸಿ ಕಾಯಿಸಿದ್ದು ನಿಜ ಅಂತ ಒಪ್ಪಿದರು.

ಕುಲುಮೆ ಹತ್ತಿರದವನು:

ಹಾಗಾದರೆ ಮುಂದಿನ ಕರಾರು ಬದಲಾಯಿಸಿ. ನಿಮ್ಮ ಮಾಲು ಬೇರೆಯಾಗಿ ಇಡಬೇಕು, ಬೇರೆಯಾಗಿ ಕಾಯಿಸಬೇಕು, ನಿಮಗೇ ಬರಬೇಕು ಅಂತ ಸ್ಪಷ್ಟವಾಗಿ ಇರಲಿ. ಖರ್ಚು ಜಾಸ್ತಿ ಆಗುತ್ತದೆ, ಯಾಕಂದರೆ ನಿಮ್ಮ ಸರದಿಗೆ ಕುಲುಮೆಯನ್ನು ಖಾಲಿ ಮಾಡಿ ಶುಚಿ ಮಾಡಬೇಕು. ಮಾಲು ತೀರಾ ಕಡಿಮೆ ಇದ್ದರೆ ಯಾರೂ ಒಪ್ಪುವುದಿಲ್ಲ, ಹಾಗಾಗಿ ಎರಡು ಕಾಲಂನದ್ದನ್ನು ಕೂಡಿಟ್ಟು ಒಟ್ಟಿಗೆ ಕಳಿಸುವ ಯೋಚನೆ ಮಾಡಿ. ಸೇರಿಸುವ ಹೊಸ ಕಾರ್ಬನ್ ಯಾವುದು, ಕಲ್ಲಿದ್ದಲಿನದೋ ಕರಟದ್ದೋ, ಅದನ್ನೂ ಬರೆಸಿ. ಅಯೋಡಿನ್ ಜೊತೆಗೆ ಬೂದಿ, ಸಾಂದ್ರತೆ, ಮೆಥಿಲೀನ್ ಬ್ಲೂ, ಮತ್ತು ನಿಮ್ಮ ನೀರಿನ ಬೀಕರ್ ಪರೀಕ್ಷೆ ಪಾಸಾದ ಮೇಲೆಯೇ ಇಳಿಸಿಕೊಳ್ಳುವುದು ಅಂತ ಹಾಕಿ.

ನೀವೂ ಒಂದು ಮಾಡಬೇಕು. ಕಳಿಸುವ ಮಾಲಿನಲ್ಲಿ ಏನಿದೆ ಅಂತ ಅವರಿಗೆ ಪ್ರಾಮಾಣಿಕವಾಗಿ ಹೇಳಬೇಕು. ಪಾದರಸ, ಆರ್ಸೆನಿಕ್ ಇದ್ದರೆ ಅವು ಶಾಖಕ್ಕೆ ಆವಿಯಾಗಿ ಹೊಗೆಯಲ್ಲಿ ಹೋಗುತ್ತವೆ. ಒಂದು ಡ್ರಮ್ ಕೆಟ್ಟ ಮಾಲು ಬಂದರೆ ಕುಲುಮೆ ಹತ್ತಿರ ನಿಂತವರು ಅದನ್ನು ಉಸಿರಾಡುತ್ತಾರೆ, ನಾನು ಅಲ್ಲಿ ನಿಂತವನು. ಸುಣ್ಣದ ವಿಷಯವನ್ನೂ ಬಿಡಬೇಡಿ, ಮೂರನೇ ಸುತ್ತಿಗೆ 15 ಶೇಕಡಾ ಬೂದಿ ಅಂದರೆ ಕ್ಯಾಲ್ಸಿಯಂ ಕೂಡುತ್ತಿದೆ. ಅದು ಕಾರ್ಬನ್ ಮೇಲೆ ಕೂರದಂತೆ ಕಾಲಂಗೆ ಬಿಡುವ ಮೊದಲು ಪಿಎಚ್ ಸರಿಯಾಗಿ ಇಳಿಸುತ್ತಿದ್ದೀರಾ?

ರಾತ್ರಿಪಾಳಿ:

ಬಯೋ ಟ್ಯಾಂಕ್ ಮುಂಚೆ ಇಳಿಸುತ್ತೇವೆ, ಆದರೆ ಕೆಲವು ರಾತ್ರಿ ಪಿಎಚ್ 8.5ರಿಂದ 9ರ ತನಕ ಇರುತ್ತದೆ. ಅದನ್ನು ಸರಿ ಮಾಡುತ್ತೇನೆ. ಈಗ ಕಾಲಂನಲ್ಲಿರುವ ಈ ಬೆರಕೆ ಕಾರ್ಬನ್ ಏನು ಮಾಡಲಿ? ಬಿಸಾಡಲು ಮನಸ್ಸು ಬರುತ್ತಿಲ್ಲ.

ಮೂರನೇ ಕಾಲಂ:

ಬಿಸಾಡಬೇಡಿ. ಅದನ್ನು ಹಿಂದಿನ ಜಾಗಕ್ಕೆ ಹಾಕಿ, ಮುಂದೆ ಕಲ್ಲಿದ್ದಲಿನ ಕಾರ್ಬನ್ ಇರಲಿ. ದೊಡ್ಡ ಬಣ್ಣದ ಅಣುವನ್ನು ಮುಂದಿನದು ಹಿಡಿಯುತ್ತದೆ. ಅದು ಬಿಟ್ಟ ಸಣ್ಣ ಅಣುಗಳಿಗೆ ಕರಟದ ಸಣ್ಣ ರಂಧ್ರ ಸರಿಹೊಂದುತ್ತದೆ. ಈ ಒಂದು ಸುತ್ತಿಗೆ ಸರದಿ ಬದಲಾಯಿಸುವುದನ್ನು ನಿಲ್ಲಿಸಿ, ಇಲ್ಲದಿದ್ದರೆ ಅದು ಮತ್ತೆ ಮುಂದಕ್ಕೆ ಬಂದುಬಿಡುತ್ತದೆ. ಎರಡನೇ ಕಾಲಂ ಮುಂಚೆ ಮತ್ತು ನಂತರದ ಸಿಒಡಿ ದಿನಾ ಬರೆದಿಡಿ, ಎಷ್ಟು ಹಿಡಿಯುತ್ತದೆ ನೋಡೋಣ.

ರಾತ್ರಿಪಾಳಿ:

ಒಂದು ತಿಂಗಳಾಯಿತು. ಮುಂದೆ ಹೊಸ ಕಲ್ಲಿದ್ದಲಿನ ಕಾರ್ಬನ್, ಹಿಂದೆ ಬೆರಕೆಯದು. ಮೊದಲ ಕಾಲಂ ದಾಟಿದ ನೀರು ಕಣ್ಣಿಗೆ ತಿಳಿಯಾಗಿದೆ. ಎರಡನೆಯದು ಅದರಿಂದ ಇನ್ನೂ ಸಿಒಡಿ ಇಳಿಸುತ್ತಿದೆ, ಇಲ್ಲಿಯ ತನಕ ಒಂದೇ ಸಮ. ಮುಂದಿನ ಲೋಡ್‌ಗೆ ಕರಾರು ಬದಲಾಗಿದೆ, ನಮ್ಮ ಮಾಲು ನಮಗೇ. ಕಳಿಸುವ ದಿನ ಎರಡು ಡಬ್ಬಿ ಮಾದರಿ ತೆಗೆದು, ಇಬ್ಬರ ಸಹಿ ಹಾಕಿಸಿ, ಒಂದು ಅವರಿಗೆ ಒಂದು ನಮಗೆ. ಹಳೆಯ ಅರ್ಧ ಚೀಲದ ಮೇಲೆ "ಮುಟ್ಟಬೇಡಿ" ಅಂತ ಬರೆದು ಲ್ಯಾಬ್ ಬೀರುವಿನಲ್ಲಿ ಇಟ್ಟಿದ್ದೇವೆ.